ನಡುಮನೆಯ ಕೆರೆ

ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರದ ನೀರಿನ ತೊಟ್ಟಿಯೊಂದು 2018ರಿಂದ ನಮ್ಮ ನಡುಮನೆಯಲ್ಲಿದೆ. ಅದರಲ್ಲಿ ಹಿಡಿಸುವ ನೀರು ಸುಮಾರು 1,350 ಲೀಟರ್, ಇಲ್ಲಿಯ ಲೆಕ್ಕದಲ್ಲಿ 360 ಗ್ಯಾಲನ್. ಬಂದವರು ಮೀನು ನೋಡಲೆಂದು ಹತ್ತಿರ ಹೋಗಿ ಗಿಡಗಳನ್ನು ನೋಡುತ್ತಾ ನಿಂತುಬಿಡುತ್ತಾರೆ. ಸಂಘದ ಸ್ನೇಹಿತರಲ್ಲಿ ಕೆಲವರು ತಾವೂ ಒಂದು ಇಡಬೇಕೆಂದು ವಿಚಾರಿಸಿದ್ದಾರೆ, ಇನ್ನು ಕೆಲವರು ಇಷ್ಟು ನೀರು, ಇಷ್ಟು ಕರೆಂಟು ಬೇಕೇ ಎಂದು ನೇರವಾಗಿಯೇ ಕೇಳಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕ್ಯಾಲಿಫೋರ್ನಿಯಾದಂಥ ಬರದ, ಭೂಕಂಪದ, ಬೆಂಕಿಯ ನಾಡಿನಲ್ಲಿ ಇಂಥದೊಂದನ್ನು ಮನೆಯೊಳಗೆ ಕಟ್ಟಿಕೊಂಡವನು ಲೆಕ್ಕ ಒಪ್ಪಿಸಬೇಕು. ಈ ಲೇಖನ ಆ ಲೆಕ್ಕ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುತ್ತೇನೆ. ತೊಟ್ಟಿ ದೊಡ್ಡದಾದಷ್ಟೂ ಸಾಕುವುದು ಕಷ್ಟ ಎಂದು ಹೆಚ್ಚಿನವರು ಭಾವಿಸುತ್ತಾರೆ. ಕಟ್ಟುವುದು ಕಷ್ಟ, ಸಾಕುವುದು ಸುಲಭ. ಮಕ್ಕಳ ಹುಟ್ಟುಹಬ್ಬಕ್ಕೆ ತರುವ ಹತ್ತು ಗ್ಯಾಲನ್ನಿನ ಡಬ್ಬಿಯಲ್ಲಿ ಒಂದು ಮೀನು ಸತ್ತು ಮೂಲೆಯಲ್ಲಿ ಕೊಳೆತರೆ ಮಾರನೆಯ ಬೆಳಿಗ್ಗೆ ಉಳಿದವೂ ತೇಲುತ್ತವೆ. 360 ಗ್ಯಾಲನ್ನಿನಲ್ಲಿ ಅದೇ ಮೀನು ಕೊಳೆತರೆ ಪರೀಕ್ಷೆಯ ಕಡ್ಡಿಗೂ ಗೊತ್ತಾಗುವುದಿಲ್ಲ. ಶಾಖದ ವಿಷಯವೂ ಹಾಗೆಯೇ. ನಮ್ಮ ತೊಟ್ಟಿಯ ನೀರು ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾಗಬೇಕಾದರೆ ಸುಮಾರು ಒಂದೂವರೆ ಕಿಲೋವ್ಯಾಟ್-ಗಂಟೆಯಷ್ಟು ಶಾಖ ಹೊರಹೋಗಬೇಕು. ಹಳ್ಳಿಯ ಕೆರೆ ಚೈತ್ರದ ಬಿಸಿಲಿಗೂ ಪುಷ್ಯದ ಚಳಿಗೂ ಒಮ್ಮೆಲೇ ಬೆಚ್ಚಿಬೀಳುವುದಿಲ್ಲ, ಕೊಡದ ನೀರು ಬೀಳುತ್ತದೆ. ಕಾರಣ ಅದೇ.

ಭಾರ ಮತ್ತು ಒತ್ತಡ

ಕಟ್ಟುವ ಕಷ್ಟ ಶುರುವಾಗುವುದು ನೆಲದಿಂದ. ನೀರು, ಅಕ್ರಿಲಿಕ್ ಹಾಳೆಗಳು, ಮಣ್ಣು, ಕಲ್ಲು, ಮರದ ಬೇರು, ಕಬ್ಬಿಣದ ಪೀಠ ಎಲ್ಲ ಸೇರಿ ಎರಡು ಟನ್ ಆಸುಪಾಸು. ಅದು ಕೂರುವ ಜಾಗ 24 ಚದರಡಿ. ಅಂದರೆ ಪ್ರತಿ ಚದರಡಿಗೆ 180 ಪೌಂಡಿಗಿಂತ ಹೆಚ್ಚು. ಅಮೆರಿಕದ ಮನೆಗಳ ಮರದ ನೆಲವನ್ನು ವಾಸದ ಕೋಣೆಗಳಲ್ಲಿ ಸಾಮಾನ್ಯವಾಗಿ ಚದರಡಿಗೆ 40 ಪೌಂಡ್ ಚರಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಹೊರೆ ಅದರ ನಾಲ್ಕೂವರೆ ಪಟ್ಟು! ಇಡೀ ಕೋಣೆಯ ಸರಾಸರಿ ತೆಗೆದರೆ ಲೆಕ್ಕ ಸ್ವಲ್ಪ ಹಗುರಾಗುತ್ತದೆ, ತೊಲೆಗಳು ಯಾವ ದಿಕ್ಕಿಗೆ ಓಡುತ್ತವೆ, ಹೊರೆ ಹೊರುವ ಗೋಡೆ ಎಲ್ಲಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಹಡಿಯಲ್ಲಾಗಲಿ, ಕೆಳಗೆ ಟೊಳ್ಳು ಬಿಟ್ಟು ಕಟ್ಟಿದ ಮನೆಯಲ್ಲಾಗಲಿ ಇಡುವವರು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ ತೋರಿಸುವುದೇ ಸರಿ. ನಮ್ಮದು ನೆಲಕ್ಕೆ ನೇರವಾಗಿ ಸುರಿದ ಕಾಂಕ್ರೀಟ್ ಹಾಸಿನ ಮನೆ. ಆ ಒಂದು ಕಾರಣಕ್ಕೆ ಈ ಸಾಹಸ ಸಾಧ್ಯವಾಯಿತು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದ ವರ್ಷಗಳಲ್ಲಿ ನಾನು ಇದರ ಕನಸು ಮಾತ್ರ ಕಂಡೆ.

ಇನ್ನು ಒತ್ತಡ. ಅಂಚಿನವರೆಗೆ ತುಂಬಿದರೆ ಎಂಟು ಅಡಿಯ ಮುಂಗೋಡೆಯನ್ನು ನೀರು ಸುಮಾರು 450 ಕಿಲೋ ತೂಕದ ಬಲದಿಂದ ಹೊರಕ್ಕೆ ತಳ್ಳುತ್ತದೆ. ತೊಟ್ಟಿಯ ಅಗಲವನ್ನು ಮೂರು ಅಡಿಯಿಂದ ಆರಕ್ಕೆ ಏರಿಸಿದರೂ ಈ ಸಂಖ್ಯೆ ಬದಲಾಗದು. ಎತ್ತರವನ್ನು ಎರಡರಿಂದ ಮೂರು ಅಡಿಗೆ ಏರಿಸಿದರೆ ಮಾತ್ರ ಅದು ಒಂದು ಟನ್ ದಾಟುತ್ತದೆ, ಏಕೆಂದರೆ ಬಲ ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕನ್ನಂಬಾಡಿ ಕಟ್ಟೆಯ ಗೋಡೆಗೂ ಇದೇ ನಿಯಮ. ಹಿಂದಿರುವ ನೀರು ಎಷ್ಟು ಮೈಲಿ ಚಾಚಿಕೊಂಡಿದೆ ಎಂಬುದು ಗೋಡೆಗೆ ಸಂಬಂಧವಿಲ್ಲ, ಎಷ್ಟು ಅಡಿ ಆಳ ನಿಂತಿದೆ ಎಂಬುದಷ್ಟೇ ಸಂಬಂಧ. ಗಿಡದ ತೊಟ್ಟಿಗೆ ಎರಡು ಅಡಿ ಎತ್ತರ ಸಾಕು ಎನ್ನುವುದಕ್ಕೆ ಬೇರೆ ಕಾರಣಗಳೂ ಇವೆ. ತಳದವರೆಗೆ ಬೆಳಕು ಮುಟ್ಟಬೇಕು, ಗಿಡ ನೆಡುವವನ ಕೈ ಮುಟ್ಟಬೇಕು. ಅಂಗಡಿಯವರು ತೋರಿಸುವ ಎತ್ತರದ, ಕಿರಿದಾದ ತೊಟ್ಟಿಗಳು ನೋಟಕ್ಕೆ ಚೆಂದ, ಕೆಲಸಕ್ಕೆ ಶಿಕ್ಷೆ.

ನಾವಿರುವುದು ಈಸ್ಟ್ ಬೇ ಗುಡ್ಡಗಳ ತಪ್ಪಲಲ್ಲಿ. 1868ರಲ್ಲಿ ದೊಡ್ಡದಾಗಿ ಬಿರಿದ ಹೇವರ್ಡ್ ಬಿರುಕು ಇಲ್ಲಿಂದ ದೂರವಿಲ್ಲ. 1989ರ ಲೋಮಾ ಪ್ರಿಯೇಟಾ ಕಂಪನದ ಕಥೆಗಳನ್ನು ಹಳಬರು ಈಗಲೂ ಹೇಳುತ್ತಾರೆ. ಭೂಕಂಪದಲ್ಲಿ ತೊಟ್ಟಿ ಒಡೆಯುವುದಕ್ಕಿಂತ ಮೊದಲು ನೀರು ತೂಗಾಡತೊಡಗುತ್ತದೆ. ಪ್ರತಿ ತೊಟ್ಟಿಗೂ ತನ್ನದೇ ಆದ ತೂಗಿನ ಲಯವಿದೆ. ನಮ್ಮದರಲ್ಲಿ ಉದ್ದಕ್ಕೆ ಒಂದು ತೂಗಿಗೆ ಸುಮಾರು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಗಲಕ್ಕೆ ಒಂದು ಸೆಕೆಂಡಿನಷ್ಟು. ನೆಲದ ಕಂಪನದಲ್ಲಿ ಈ ಲಯ ಸೇರಿಕೊಂಡರೆ ತೊಟ್ಟಿಲನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ತೂಗು ಏರುತ್ತಲೇ ಹೋಗುತ್ತದೆ. ಅದಕ್ಕೇ ನೀರನ್ನು ಅಂಚಿಗಿಂತ ಎರಡು ಅಂಗುಲ ಕೆಳಗೆ ನಿಲ್ಲಿಸಿದ್ದೇನೆ, ಮೇಲಂಚಿಗೆ ಒಳಮುಖವಾದ ಪಟ್ಟಿ ಹೊಂದಿಸಲಾಗಿದೆ, ಪೀಠವನ್ನು ಗೋಡೆಯ ಮರದ ಕಂಬಗಳಿಗೆ ಬಿಗಿಯಲಾಗಿದೆ. ಗಾಜಿನ ಬದಲು ಅಕ್ರಿಲಿಕ್ ಆರಿಸಿದ್ದೂ ಇದಕ್ಕೇ. ಗೀರು ಬೀಳುತ್ತದೆ ನಿಜ, ಆದರೆ ಹಗುರ, ಬಡಿತ ತಾಳುತ್ತದೆ. ಒಂದು ಮಾತು ನೆನಪಿರಲಿ: ಇಲ್ಲಿಯ ಸಾಮಾನ್ಯ ಮನೆ ವಿಮೆ ಭೂಕಂಪದ ಹಾನಿಯನ್ನು ಒಳಗೊಳ್ಳುವುದಿಲ್ಲ, ಅದಕ್ಕೆ ಬೇರೆಯೇ ವಿಮೆ ಬೇಕು. ನಿಧಾನವಾಗಿ ತೊಟ್ಟಿಕ್ಕಿ ಆದ ಹಾನಿಯ ಬಗ್ಗೆ ನಿಮ್ಮ ಕರಾರಿನಲ್ಲಿ ಏನಿದೆ ಎಂದು ಓದಿ ನೋಡಿ.

ನಲ್ಲಿಯ ನೀರು, ತೊಟ್ಟಿಯ ನೀರು

ಊರಿನಲ್ಲಿ ಮೀನು ಸಾಕಿದ ಅನುಭವವಿರುವ ಹಿರಿಯರು ಹೇಳುವ ಉಪಾಯವೊಂದಿದೆ. ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಮಾರನೆಯ ದಿನ ಹಾಕುವುದು. ನೀರಿಗೆ ಬರಿಯ ಕ್ಲೋರಿನ್ ಬೆರೆಸುವ ಊರುಗಳಲ್ಲಿ ಅದು ಸರಿ, ಕ್ಲೋರಿನ್ ಆರಿಹೋಗುತ್ತದೆ. ಆದರೆ ಇಲ್ಲಿ ಬೆರೆಸುವುದು ಕ್ಲೋರಮೈನ್. ಈಸ್ಟ್ ಬೇನಲ್ಲಿ 1998ರಿಂದ, ಸ್ಯಾನ್ ಫ್ರಾನ್ಸಿಸ್ಕೋ ಕಡೆ 2004ರಿಂದ ಇದೇ ಪದ್ಧತಿ. ಕ್ಲೋರಿನ್ನಿಗೆ ಅಮೋನಿಯ ಜೋಡಿಸಿದ ಈ ಸಂಯುಕ್ತ ಒಂದು ರಾತ್ರಿ ಬಿಟ್ಟರೆ ಹೋಗುವಂಥದಲ್ಲ. ಬಹುದೂರದ ಕೊಳವೆಗಳಲ್ಲೂ ಉಳಿಯಲಿ ಎಂದೇ ಅದನ್ನು ಆರಿಸಿದ್ದು. ಸೋಡಿಯಂ ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಭಾಗ ಅಡಗುತ್ತದೆ, ಅಮೋನಿಯ ಭಾಗ ಬಿಡುಗಡೆಯಾಗಿ ನೀರಿನಲ್ಲೇ ಉಳಿಯುತ್ತದೆ. ಅದನ್ನೂ ಕಟ್ಟಿಹಾಕುವ ದ್ರಾವಣ ಬೇಕು, ಇಲ್ಲವೇ ಅದನ್ನು ತಿನ್ನಲು ಗಿಡಗಳೂ ಬ್ಯಾಕ್ಟೀರಿಯಗಳೂ ಸಜ್ಜಾಗಿರಬೇಕು.

ಅಮೋನಿಯದ ಕಥೆಯೇ ಅಕ್ವೇರಿಯಂನ ಮೂಲಕಥೆ. ಮೀನು ಕಿವಿರಿನ ಮೂಲಕ ಅಮೋನಿಯ ಬಿಡುತ್ತದೆ, ಉಳಿದ ಆಹಾರ ಕೊಳೆತು ಅಮೋನಿಯವಾಗುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಗೊಬ್ಬರ. ಈ ಎರಡು ಕೆಲಸಗಳನ್ನು ಎರಡು ಬೇರೆ ಬೇರೆ ಜೀವಿಗಳೇ ಹಂಚಿಕೊಂಡಿವೆ ಎಂದು ನೂರು ವರ್ಷಗಳಿಗೂ ಮೀರಿ ವಿಜ್ಞಾನಿಗಳು ನಂಬಿದ್ದರು. ಎರಡನ್ನೂ ಒಂದೇ ಜೀವಿ ಮಾಡಬಲ್ಲದು ಎಂದು ಗೊತ್ತಾದದ್ದು 2015ರಲ್ಲಿ. ಅಂಥ ಜೀವಿಗಳನ್ನು ಕಂಡುಹಿಡಿದ ಎರಡು ತಂಡಗಳಲ್ಲಿ ಒಂದಕ್ಕೆ ಅವು ಸಿಕ್ಕಿದ್ದು ಮೀನು ಸಾಕಣೆಯ ನೀರು ಶುದ್ಧೀಕರಿಸುವ ಸೋಸುಗದಲ್ಲಿ! ನಮ್ಮ ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಸ್ಪಂಜಿಗೆ ಅಂಟಿಕೊಂಡ ಕಂದು ಲೋಳೆಯನ್ನು ನೋಡಿ ಮುಖ ಸಿಂಡರಿಸುವವರಿಗೆ ನಾನು ಈ ಸಂಗತಿ ಹೇಳುತ್ತೇನೆ.

ಗಿಡಗಳು ಹುಲುಸಾಗಿದ್ದರೆ ಅಮೋನಿಯದ ಬಹುಪಾಲು ಬ್ಯಾಕ್ಟೀರಿಯಗಳಿಗೆ ಸಿಗುವ ಮೊದಲೇ ಗಿಡಗಳ ಪಾಲಾಗುತ್ತದೆ. ನೀರಿನ ಗಿಡಗಳಲ್ಲಿ ಹಲವು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಬಯಸುತ್ತವೆ. ಡಯಾನಾ ವಾಲ್‌ಸ್ಟಡ್ ಎಂಬ ಸೂಕ್ಷ್ಮಜೀವಿ ತಜ್ಞೆ 1999ರಲ್ಲಿ ನೆಟ್ಟ ಅಕ್ವೇರಿಯಂಗಳ ಪರಿಸರ ವಿಜ್ಞಾನದ ಬಗ್ಗೆ ಪುಸ್ತಕವನ್ನೇ ಬರೆದು ಇದನ್ನು ಒತ್ತಿ ಹೇಳಿದರು. ತಳಕ್ಕೆ ಸಾಮಾನ್ಯ ತೋಟದ ಮಣ್ಣು, ಅದರ ಮೇಲೆ ಮರಳು, ಕಿಟಕಿಯ ಬೆಳಕು, ಇಷ್ಟೇ ಸಾಕು ಎಂಬುದು ಅವರ ಪದ್ಧತಿ. ಇನ್ನೊಂದು ತುದಿಯಲ್ಲಿ ಜಪಾನಿನ ತಕಾಶಿ ಅಮಾನೋ. ತೀಕ್ಷ್ಣ ಬೆಳಕು, ಇಂಗಾಲದ ಡೈ ಆಕ್ಸೈಡ್, ದಿನದಿನದ ಗೊಬ್ಬರ, ಬಂಡೆ ಮತ್ತು ಬೇರುಗಳ ಸಂಯೋಜನೆ. ಅವರು ತೀರಿಕೊಂಡ 2015ರಲ್ಲೇ ಲಿಸ್ಬನ್ನಿನ ಸಾಗರಾಲಯದಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ಹಿಡಿಸುವ ಸಿಹಿನೀರಿನ ನೆಟ್ಟ ತೊಟ್ಟಿಯನ್ನು ರಚಿಸಿಕೊಟ್ಟಿದ್ದರು. ನಾನು ಇವರಿಬ್ಬರ ನಡುವಿನ ದಾರಿ ಹಿಡಿದವನು. ಕಣ್ಣಿಗೆ ಅಮಾನೋ ಬೇಕು, ಜೇಬಿಗೆ ವಾಲ್‌ಸ್ಟಡ್.

ಮಣ್ಣಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವರು ಇವರಿಬ್ಬರೂ ಅಲ್ಲ, ಹಾಸನದ ಕಡೆ ಬೇಸಾಯ ಮಾಡಿಕೊಂಡಿದ್ದ ನನ್ನ ತಂದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹಾಕುವುದು ಅವರಿಗೆ ಹುಟ್ಟಿನಿಂದ ಗೊತ್ತಿದ್ದ ಕೆಲಸ. ತೊಟ್ಟಿಯ ತಳಕ್ಕೆ ಏನು ಹಾಕಲಿ ಎಂದು ಫೋನಿನಲ್ಲಿ ಚರ್ಚಿಸುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಅದು ಹೊಲವೋ, ಗದ್ದೆಯೋ? ಗದ್ದೆ ಎಂದಾದ ಮೇಲೆ ಉಳಿದದ್ದು ತಾನಾಗಿ ಅರ್ಥವಾಯಿತು. ನೀರು ನಿಂತ ಕೆಸರಿನೊಳಗೆ ಆಮ್ಲಜನಕ ಇರುವುದಿಲ್ಲ. ಆಗ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ, ಅದರೊಂದಿಗೆ ರಂಜಕವೂ ಬಿಡಿಸಿಕೊಳ್ಳುತ್ತದೆ. ಬೇರಿಗೆ ಅದು ಹಬ್ಬದೂಟ. ಆದರೆ ಕೆಸರು ತೀರಾ ದಪ್ಪವಾಗಿ, ಕೊಳೆಯುವ ವಸ್ತು ಹೆಚ್ಚಾದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿ ಬೇರನ್ನೇ ಸುಡುತ್ತದೆ. ಭತ್ತ ಇದನ್ನು ಎದುರಿಸುವುದು ತನ್ನ ಕಾಂಡದ ಟೊಳ್ಳು ಕೊಳವೆಗಳ ಮೂಲಕ ಬೇರಿಗೆ ಗಾಳಿ ಇಳಿಸಿ. ತಾವರೆ ದಂಟನ್ನು ಅಡ್ಡ ಕೊಯ್ದರೆ ಕಾಣುವ ರಂಧ್ರಗಳೂ ಇದೇ ಕೆಲಸದವು. ಅಕ್ವೇರಿಯಂ ಗಿಡಗಳಲ್ಲೂ ಚೆನ್ನಾಗಿ ಬೇರು ಬಿಡುವಂಥವು ತಮ್ಮ ಸುತ್ತಲಿನ ಮಣ್ಣಿಗೆ ಆಮ್ಲಜನಕ ಊಡುತ್ತವೆ. ಆದ್ದರಿಂದ ಒಂದು ಅಂಗುಲ ಮಣ್ಣು, ಮೇಲೆ ಎರಡು ಅಂಗುಲ ಮರಳು, ಮೊದಲ ದಿನವೇ ದಟ್ಟವಾಗಿ ನೆಡುವುದು. ನಾಟಿ ವಿರಳವಾದರೆ ಜಾಗ ಕಳೆಯ ಪಾಲು, ತೊಟ್ಟಿಯಲ್ಲಿ ಪಾಚಿಯ ಪಾಲು.

ಬೆಳಕಿಗೂ ಗಾಳಿಗೂ ಇರುವ ನಂಟು

ಪಾಚಿ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಬೆಳಕಿನಲ್ಲಿದೆ. ಬೆಳಕು ಗಿಡಕ್ಕೆ ಹಾಕುವ ಬೇಡಿಕೆ. ಬೆಳಕು ಹೆಚ್ಚಿಸಿದರೆ ಗಿಡ ಹೆಚ್ಚು ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಕೇಳುತ್ತದೆ. ಇವುಗಳಲ್ಲಿ ಯಾವುದು ಕಡಿಮೆಯೋ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ, ಉಳಿದವು ಎಷ್ಟಿದ್ದರೂ ವ್ಯರ್ಥ. ಹುಳಿಗೆ ಉಪ್ಪು ಬಿದ್ದಿಲ್ಲವೆಂದು ಎರಡು ಸೌಟು ಬೇಳೆ ಹೆಚ್ಚು ಹಾಕಿದರೆ ಏನು ಪ್ರಯೋಜನ? ಗಿಡ ನಿಂತುಹೋದ ಜಾಗದಲ್ಲಿ ಅದೇ ಬೆಳಕನ್ನು ಬಳಸಿಕೊಂಡು ಪಾಚಿ ಎದ್ದೇಳುತ್ತದೆ.

ನೀರಿನೊಳಗೆ ಮೊದಲು ಕೊರತೆಯಾಗುವುದು ಇಂಗಾಲ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸಿನಷ್ಟು ಮಾತ್ರ ಇಂಗಾಲದ ಡೈ ಆಕ್ಸೈಡ್ ಕರಗಿರುತ್ತದೆ. ಅದು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹಾಗಾಗಿ ಸಿಲಿಂಡರಿನಿಂದ ಸಣ್ಣ ಗುಳ್ಳೆಗಳಾಗಿ ಅನಿಲ ಹಾಯಿಸುತ್ತೇವೆ, ನೀರು ಎಲೆಗಳ ನಡುವೆ ಮೆಲ್ಲಗೆ ಹರಿಯುತ್ತಲೇ ಇರುವಂತೆ ಪಂಪು ಹೊಂದಿಸುತ್ತೇವೆ. ಲೀಟರಿಗೆ 30 ಮಿಲಿಗ್ರಾಂ ಒಳ್ಳೆಯ ಗುರಿ. ಅದಕ್ಕಿಂತ ತುಂಬ ಮೇಲೆ ಹೋದರೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಅಳೆಯುವ ದಾರಿ ಸುಲಭ: ಅನಿಲ ಕರಗಿದಂತೆ ನೀರು ಆಮ್ಲೀಯವಾಗುತ್ತದೆ. ಇಲ್ಲಿಗೆ ಬರುವ ನೀರು ಸಿಯೆರ್ರಾ ಬೆಟ್ಟಗಳ ಹಿಮ ಕರಗಿ ಮೊಕಲಮಿ ನದಿಯಲ್ಲಿ ಇಳಿದದ್ದು, ತೀರಾ ಮೃದು. ಕಾರ್ಬೊನೇಟ್ ಗಡಸುತನ 2 ಡಿಗ್ರಿ ಇರುವ ನೀರಿನಲ್ಲಿ ಪಿಎಚ್ 6.3ಕ್ಕೆ ಇಳಿದರೆ 30 ಮಿಲಿಗ್ರಾಂ ಕರಗಿದೆ ಎಂದರ್ಥ, 4 ಡಿಗ್ರಿ ಇದ್ದರೆ ಅದೇ ಪ್ರಮಾಣಕ್ಕೆ ಪಿಎಚ್ 6.6 ಇರುತ್ತದೆ. ಮಕ್ಕಳಿಗೆ ಇಷ್ಟವಾಗುವುದು ತೊಟ್ಟಿಯೊಳಗೆ ತೂಗುಹಾಕಿದ ಬಣ್ಣದ ಬುರುಡೆ. ನೀಲಿ ಎಂದರೆ ಕಡಿಮೆ, ಹಸಿರು ಸರಿ, ಹಳದಿ ಎಂದರೆ ಅಪಾಯ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ನೀರು ಆಮ್ಲಜನಕದಿಂದ ತುಂಬಿ ತುಳುಕಿ, ಇನ್ನು ಕರಗಲು ಜಾಗವಿಲ್ಲದೆ ಪ್ರತಿ ಎಲೆಯ ತುದಿಯಲ್ಲೂ ಮುತ್ತಿನಂತೆ ಗುಳ್ಳೆ ಕಟ್ಟುತ್ತದೆ. ಶಾಲೆಯಲ್ಲಿ ಓದಿದ ದ್ಯುತಿಸಂಶ್ಲೇಷಣೆಯನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕರೆಂಟು ಹೋದ ರಾತ್ರಿಗಳು

ಇಷ್ಟೆಲ್ಲ ನಿಂತಿರುವುದು ಗೋಡೆಯ ಒಂದು ಪ್ಲಗ್ಗಿನ ಮೇಲೆ. 2019ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಭಯದಿಂದ ಉತ್ತರ ಕ್ಯಾಲಿಫೋರ್ನಿಯಾದ ಲಕ್ಷಾಂತರ ಮನೆಗಳಿಗೆ ಮುನ್ನೆಚ್ಚರಿಕೆಯಾಗಿ ವಿದ್ಯುತ್ ಕಡಿತ ಮಾಡಿದ್ದು ಇಲ್ಲಿನವರಿಗೆಲ್ಲ ನೆನಪಿದೆ. ನಮ್ಮ ಗುಡ್ಡಕ್ಕೂ ಕತ್ತಲೆ ಬಂತು, ಯಾವಾಗ ಬೆಳಕು ಬರುತ್ತದೆಂದು ಹೇಳುವವರಿರಲಿಲ್ಲ.

ಇಂಥ ಹೊತ್ತಿನಲ್ಲಿ ಗಿಡಗಳು ಮಿತ್ರರಲ್ಲ. ಬೆಳಕಿದ್ದಾಗ ಆಮ್ಲಜನಕ ಕೊಡುವ ಅದೇ ಕಾಡು ಕತ್ತಲೆಯಲ್ಲಿ ಮೀನಿನ ಹಾಗೆಯೇ ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಮಣ್ಣಿನ ಬ್ಯಾಕ್ಟೀರಿಯಗಳೂ ಪಾಲು ಕೇಳುತ್ತವೆ. 25 ಡಿಗ್ರಿಯ ನೀರು ಹೆಚ್ಚೆಂದರೆ ಲೀಟರಿಗೆ ಎಂಟು ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಮೇಲ್ಮೈ ಅಲುಗದಿದ್ದರೆ ಹೊಸದು ಸೇರುವುದಿಲ್ಲ. ಅನಿಲದ ಸಿಲಿಂಡರಿಗೆ ವಿದ್ಯುತ್ ಇಲ್ಲದಾಗ ತಾನಾಗಿ ಮುಚ್ಚಿಕೊಳ್ಳುವ ಕವಾಟ ಇರಲೇಬೇಕು. ನಮ್ಮದಕ್ಕೆ ಇತ್ತು. ಬ್ಯಾಟರಿಯ ಎರಡು ಗಾಳಿ ಪಂಪುಗಳೂ ಇದ್ದವು, ಆದರೆ 1,350 ಲೀಟರಿಗೆ ಅವು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆ ವರ್ಷ ನನ್ನ ತಂದೆ ನಮ್ಮ ಜೊತೆಗಿದ್ದರು. ಅವರು ಸ್ನಾನದ ಮನೆಯಿಂದ ತಾಮ್ರದ ಚೊಂಬು ತಂದು, ಸ್ಟೂಲಿನ ಮೇಲೆ ಕೂತು, ತೊಟ್ಟಿಯ ನೀರನ್ನೇ ಎತ್ತಿ ಒಂದಡಿ ಮೇಲಿಂದ ಸುರಿಯತೊಡಗಿದರು. (ತಾಮ್ರ ಸೀಗಡಿಗಳಿಗೆ ವಿಷ, ನಾನು ಸ್ಟೀಲಿನದು ಬದಲಿಸಿ ಕೊಟ್ಟೆ.) ವಿಜ್ಞಾನದ ದೃಷ್ಟಿಯಿಂದ ಅದು ಅಚ್ಚುಕಟ್ಟಾದ ಉಪಾಯ. ಬೀಳುವ ನೀರು ಗಾಳಿಯನ್ನು ಒಳಗೆಳೆಯುತ್ತದೆ, ಮೇಲಿನ ಪದರ ಕದಡಿ ಕೆಳಗಿನದು ಮೇಲೆ ಬರುತ್ತದೆ. ಸರದಿಯಂತೆ ಗಂಟೆಗೆ ಹತ್ತು ನಿಮಿಷ, ತಂದೆ, ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು. ಮೀನಿಗೆ ಊಟ ನಿಲ್ಲಿಸಿದೆವು, ಉಂಡ ಮೀನಿಗೆ ಹೆಚ್ಚು ಉಸಿರು ಬೇಕು. ಹೀಟರಿಲ್ಲದೆ ನೀರು ತಣ್ಣಗಾಗುತ್ತಿದ್ದದ್ದು ಅನುಕೂಲವೇ ಆಯಿತು, ತಣ್ಣೀರು ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ಹಗಲು ಪರದೆಗಳನ್ನು ಪೂರ್ತಿ ತೆರೆದು ಕಿಟಕಿಯ ಬೆಳಕು ಬೀಳಿಸಿದೆವು. ಎರಡನೆಯ ದಿನ ಸಂಜೆ ಕರೆಂಟು ಬಂದಾಗ ಐವತ್ತಕ್ಕೂ ಮೀರಿದ ಮೀನುಗಳಲ್ಲಿ ಎರಡು ಸತ್ತಿದ್ದವು.

ಕರೆಂಟು ಬಂದ ತಕ್ಷಣ ಮಾಡಬಾರದ್ದೊಂದಿದೆ. ಮುಚ್ಚಿದ ಡಬ್ಬಿಯ ಸೋಸುಗವಿದ್ದವರು ಅದನ್ನು ಹಾಗೆಯೇ ಚಾಲೂ ಮಾಡಬಾರದು. ನಿಂತ ನೀರಿನಲ್ಲಿ ಗಂಟೆಗಟ್ಟಲೆ ಉಸಿರುಗಟ್ಟಿದ ಬ್ಯಾಕ್ಟೀರಿಯಗಳು ಸತ್ತು ಒಳಗಿನದೆಲ್ಲ ಕೊಳೆತಿರುತ್ತದೆ. ಪಂಪು ಆ ವಿಷವನ್ನೆಲ್ಲ ಒಮ್ಮೆಗೇ ತೊಟ್ಟಿಗೆ ಉಗುಳುತ್ತದೆ. ಮೊದಲು ಬಿಚ್ಚಿ, ಹಳೆ ನೀರು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಜಾಲಿಸಿ, ಆಮೇಲೆ ಜೋಡಿಸಬೇಕು. ಆ ಚಳಿಗಾಲದಲ್ಲೇ ಒಂದು ಬ್ಯಾಟರಿ ಪೆಟ್ಟಿಗೆ ಕೊಂಡೆವು. ಅದು ಒಂದು ಪಂಪನ್ನು ಒಂದೂವರೆ ದಿನ ನಡೆಸುತ್ತದೆ. ಹೊಸದಾಗಿ ಶುರುಮಾಡುವವರು ದೀಪಕ್ಕಿಂತ ಮೊದಲು ಇದಕ್ಕೆ ದುಡ್ಡು ಎತ್ತಿಡಲಿ.

ಬರಗಾಲದ ಲೆಕ್ಕ

ಈಗ ಕಠಿಣ ಪ್ರಶ್ನೆ. ವಾರಕ್ಕೆ ಕಾಲುಭಾಗ ನೀರು ಬದಲಿಸುತ್ತೇನೆ, ಅಂದರೆ 90 ಗ್ಯಾಲನ್. 2021ರ ಜುಲೈನಲ್ಲಿ ಗವರ್ನರ್ ಎಲ್ಲರೂ ಸ್ವಇಚ್ಛೆಯಿಂದ ಶೇಕಡ 15ರಷ್ಟು ನೀರು ಉಳಿಸಿ ಎಂದು ಕೇಳಿಕೊಂಡಾಗ ನಮ್ಮ ಮನೆಯಲ್ಲಿ ವಾಗ್ವಾದವೇ ನಡೆಯಿತು. ಮಗಳು ನನ್ನ ವಿರುದ್ಧ ಪಕ್ಷ. ಲೆಕ್ಕ ಹೀಗಿದೆ: ಸಾವಿರ ಚದರಡಿ ಹುಲ್ಲುಹಾಸಿಗೆ ಒಂದು ಅಂಗುಲ ನೀರು ಕಟ್ಟಲು 620 ಗ್ಯಾಲನ್ ಬೇಕು. ತೊಟ್ಟಿಯ ಏಳು ವಾರದ ನೀರು ಅದು. ನಾವು ಮುಂದಿನ ಹುಲ್ಲುಹಾಸನ್ನು ತೆಗೆಸಿದೆವು. ತೊಟ್ಟಿಯಿಂದ ತೆಗೆದ ನೀರು ಚರಂಡಿಗೆ ಹೋಗುವುದಿಲ್ಲ. ಕೊಳವೆ ಹಿತ್ತಲಿಗೆ ಎಳೆದಿದೆ, ನೈಟ್ರೇಟ್ ತುಂಬಿದ ಆ ನೀರಿಗೆ ಕುಂಡದ ಕರಿಬೇವು, ಮಲ್ಲಿಗೆ, ಒಂದು ಸಾಲು ಬದನೆ, ದಂಟಿನ ಸೊಪ್ಪು ಬೆಳೆಯುತ್ತವೆ. ಆ ಗಿಡಗಳಿಗೆ ಹೇಗೂ ನೀರು ಬೇಕಿತ್ತು, ಅದು ಈಗ ಮೀನಿನ ದಾರಿಯಾಗಿ ಬರುತ್ತದೆ. ಮಗಳು ಪೂರ್ತಿ ಒಪ್ಪಲಿಲ್ಲ. ಮಳೆಗಾಲದಲ್ಲಿ ಹಿತ್ತಲಿಗೆ ನೀರು ಬೇಡವಲ್ಲ, ಆಗ? ಎಂದಳು. ಆಗ ಚರಂಡಿಗೇ ಹೋಗುತ್ತದೆ, ಅವಳ ಮಾತು ನಿಜ.

ವಿದ್ಯುತ್ತಿನ ವಿಷಯದಲ್ಲಿ ನನ್ನ ವಕಾಲತ್ತು ಇನ್ನೂ ದುರ್ಬಲ. ದೀಪ ಎಂಟು ಗಂಟೆ, ಪಂಪುಗಳು ಇಪ್ಪತ್ನಾಲ್ಕು ಗಂಟೆ, ಚಳಿಗಾಲದಲ್ಲಿ ಹೀಟರ್, ಎಲ್ಲ ಸೇರಿ ದಿನಕ್ಕೆ ಸರಾಸರಿ ಆರು ಕಿಲೋವ್ಯಾಟ್-ಗಂಟೆ. ಇಲ್ಲಿಯ ದರದಲ್ಲಿ ದಿನಕ್ಕೆ ಎರಡು ಡಾಲರ್ ಹತ್ತಿರ. ಅದು ಶೋಕಿಯ ಖರ್ಚು, ಬೇರೆ ಹೆಸರಿಲ್ಲ.

ಊರಿನ ಮೀನು, ಊರಿನ ಕಳೆ

ತೊಟ್ಟಿಯ ಮುಖ್ಯ ನಿವಾಸಿಗಳು ಡೆನಿಸನ್ ಬಾರ್ಬ್ ಎಂಬ ಮೀನುಗಳು, ಇಪ್ಪತ್ನಾಲ್ಕು. ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಅರ್ಧ ಮೈಯವರೆಗೆ ಕುಂಕುಮದ ಗೆರೆ. ಕೇರಳದ ನದಿಗಳೂ ದಕ್ಷಿಣ ಕರ್ನಾಟಕದ ಅಂಚಿನ ನದಿಗಳೂ ಇವುಗಳ ತವರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನತ್ತ ಇಳಿಯುವ ಚಂದ್ರಗಿರಿಯಲ್ಲೂ ಇವೆ. 1865ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್ ಹೆಸರಿಟ್ಟ. 2013ರಲ್ಲಿ ಇದಕ್ಕಾಗಿ ಹೊಸ ಕುಲವನ್ನೇ ಗುರುತಿಸಿದ ವಿಜ್ಞಾನಿಗಳು ಆ ಕುಲಕ್ಕೆ ಸಹ್ಯಾದ್ರಿಯ ಹೆಸರು ಕೊಟ್ಟರು. ಅಕ್ವೇರಿಯಂ ವ್ಯಾಪಾರಕ್ಕೆಂದು ಹೊಳೆಯಿಂದ ಹಿಡಿದು ಹಿಡಿದು ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಕೊಳ್ಳುವಾಗ ಸಾಕಣೆ ಕೇಂದ್ರದಲ್ಲಿ ಹುಟ್ಟಿದವೇ ಎಂದು ಕೇಳಿಯೇ ಕೊಳ್ಳಬೇಕು. ಹೇಳಲಾಗದ ಅಂಗಡಿಯಿಂದ ಬರಿಗೈಯಲ್ಲಿ ಹೊರಡಬೇಕು. ಗುಂಪಿನಲ್ಲಿ, ಹರಿವಿನಲ್ಲಿ, ತಂಪಿನಲ್ಲಿ ಬದುಕುವ ಗೇಣುದ್ದಕ್ಕೆ ಹತ್ತಿರದ ಈ ಮೀನಿಗೆ ಎಂಟು ಅಡಿ ದೊಡ್ಡದೇನಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಂಡಕ್ಕಿ ತಿನ್ನಲು ಮುಗಿಬೀಳುವ ಮಹಶೀರ್ ಮೀನುಗಳನ್ನೂ ಹೀಗೆ ಸಾಕಬಹುದೇ ಎಂದು ಒಬ್ಬರು ಕೇಳಿದರು. ಬೇಡ. ಅವು ಹೊಳೆಯಲ್ಲೇ ಇರಲಿ.

ಗಿಡಗಳಲ್ಲೂ ನಮ್ಮ ಕಡೆಯವು ಬೇಕಾದಷ್ಟಿವೆ. ಕೆಂಪಗೆ ಉರಿಯುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು. ಹೊಳೆಯ ಬಂಡೆ ಸಂದುಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಪಂಗಡದ ಕೆಲವು ಪಶ್ಚಿಮ ಘಟ್ಟದವು. ನೆನಪಿನ ಶಕ್ತಿಗೆಂದು ಅಜ್ಜಿಯರು ತಿನ್ನಿಸುತ್ತಿದ್ದ ನೀರು ಬ್ರಾಹ್ಮಿ ಇಲ್ಲಿ ಬಕೋಪಾ ಎಂಬ ಹೆಸರಿನಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ.

ಆದರೆ ಇದೇ ಹಾದಿಯಲ್ಲಿ ಬಂದ ಕೇಡೂ ಇದೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾದ ಹೈಡ್ರಿಲ್ಲಾ 1950ರ ದಶಕದ ಆರಂಭದಲ್ಲಿ ಅಕ್ವೇರಿಯಂ ಗಿಡವಾಗಿಯೇ ಫ್ಲೋರಿಡಾಕ್ಕೆ ಬಂದು ಕಾಲುವೆಗಳಿಗೆ ಇಳಿಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಯೂಬಾ ಕೌಂಟಿಯಲ್ಲಿ ಕಾಣಿಸಿಕೊಂಡಾಗಿನಿಂದ ರಾಜ್ಯ ಅದನ್ನು ಬೇರುಸಹಿತ ಕೀಳಲು ಹೋರಾಡುತ್ತಿದೆ. ಭಾರತ ಮೂಲದ ಹೈಗ್ರೊಫಿಲಾ ಪಾಲಿಸ್ಪರ್ಮಾ, ಲಿಮ್ನೊಫಿಲಾ ಸೆಸಿಲಿಫ್ಲೋರಾ ಕೂಡ ಇಲ್ಲಿ ಕೇಂದ್ರ ಸರ್ಕಾರದ ನಿಷಿದ್ಧ ಕಳೆಗಳ ಪಟ್ಟಿಯಲ್ಲಿವೆ. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಕಡ್ಡಿ ತರುವ ಆಸೆ ಯಾರಿಗೂ ಬೇಡ. ಈ ವ್ಯಾಪಾರ ಎರಡೂ ಕಡೆ ನಡೆದಿದೆ ಅನ್ನಿ: ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ನೇರಳೆ ಹೂವಿನ ಜಲಕಳೆ ಬೆಳ್ಳಂದೂರು ಕೆರೆಯನ್ನು ಏನು ಮಾಡಿತೆಂದು ಬೆಂಗಳೂರಿನವರಿಗೆ ಗೊತ್ತು. 2021ರ ಮಾರ್ಚಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿದ್ದ ಪಾಚಿ ಉಂಡೆಗಳೊಳಗೆ ಜೀಬ್ರಾ ಚಿಪ್ಪುಗಳು ಸಿಕ್ಕಿ ದೇಶವೆಲ್ಲ ಗಡಿಬಿಡಿಯಾಯಿತು. ಅದಕ್ಕೇ ತೊಟ್ಟಿಯ ಒಂದು ಎಲೆಯೂ, ಒಂದು ಮೀನೂ ಇಲ್ಲಿಯ ತೊರೆಗೆ ಸೇರಬಾರದು. ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಚೀಲ ಕಟ್ಟಿ ಕಸಕ್ಕೆ ಹಾಕುತ್ತೇನೆ.

ನಮ್ಮಂಥವರಿಗೆ ಉಳಿಯುವ ಪ್ರಶ್ನೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಉತ್ತರ ನೀವು ಎಣಿಸಿದ್ದಕ್ಕಿಂತ ಸರಳ. ಬಲಿತ ಆರೋಗ್ಯವಂತ ಮೀನುಗಳು ಹತ್ತು ದಿನ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಯಂತ್ರ ದಿನಕ್ಕೆ ಚಿಟಿಕೆ ಆಹಾರ ಉದುರಿಸುತ್ತದೆ. ಹೊರಡುವ ಎರಡು ವಾರ ಮೊದಲೇ ಬೆಳಕನ್ನು ಆರು ಗಂಟೆಗೆ, ಅರ್ಧ ತೀಕ್ಷ್ಣತೆಗೆ ಇಳಿಸುತ್ತೇನೆ, ಅನಿಲವನ್ನು ಹಂತಹಂತವಾಗಿ ನಿಲ್ಲಿಸುತ್ತೇನೆ. ಬೇಡಿಕೆ ಇಳಿದರೆ ಗಿಡ ನಿದ್ದೆ ಹೋದ ಹಾಗೆ ಇರುತ್ತದೆ. ಪಕ್ಕದ ಮನೆಯ ಹುಡುಗ ವಾರಕ್ಕೆರಡು ಬಾರಿ ಬಂದು ಆವಿಯಾದಷ್ಟು ನೀರು ತುಂಬಿಸುತ್ತಾನೆ, ಎರಡು ಅಂಗುಲದ ಗುರುತಿನವರೆಗೆ. ಮೀನಿಗೆ ಊಟ ಹಾಕಬೇಡ ಎಂದು ಅವನಿಗೆ ಬರೆದು ಅಂಟಿಸಿದ್ದೇನೆ. ಪ್ರೀತಿಯಿಂದ ಹಾಕಿದ ಅತಿಯಾದ ಊಟ ಕರೆಂಟು ಹೋಗುವುದಕ್ಕಿಂತ ಹೆಚ್ಚು ತೊಟ್ಟಿಗಳನ್ನು ಕೆಡಿಸಿದೆ. ತಿಂಗಳ ನಂತರ ಬಂದಾಗ ಕಾಡು ಬೆಳೆದು ಮುಂಗೋಡೆಗೆ ಮುಖ ಒತ್ತಿ ನಿಂತಿರುತ್ತದೆ, ಒಂದು ಇಡೀ ಶನಿವಾರ ಕತ್ತರಿ ಹಿಡಿಯಬೇಕು.

ಹಾಗೆ ಕತ್ತರಿಸಿದ್ದರಲ್ಲಿ ನಿಷಿದ್ಧ ಪಟ್ಟಿಯಲ್ಲಿಲ್ಲದ ಒಳ್ಳೆಯ ಕಡ್ಡಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಯುಗಾದಿ ಕಾರ್ಯಕ್ರಮಕ್ಕೆ ತರುತ್ತೇನೆ. ಬೇಕಾದವರು ಊಟದ ಸಾಲಿನ ಹತ್ತಿರ ಕೇಳಿ. ನೀರು ಬ್ರಾಹ್ಮಿ ಯಾವಾಗಲೂ ಮೊದಲು ಖಾಲಿಯಾಗುತ್ತದೆ.